ಇಬ್ಬರು ತಂಡೇಲರು ಕಾಲೇಜು ಹುಡುಕಿದ್ದು

ಮೀನು ಎಲ್ಲಿದೆ ಎಂದು ನಮ್ಮ ಊರು ಬೆಂಗ್ರೆಯಲ್ಲಿ ಯಾರೂ ಯಾರಿಗೂ ನಿಜ ಹೇಳುವುದಿಲ್ಲ. ಬೋಟು ನಡೆಸುವ ತಂಡೇಲನಂತೂ ಹೇಳುವುದೇ ಇಲ್ಲ. ಇನ್ನೊಂದು ಬೋಟಿನವನು ವಯರ್‌ಲೆಸ್‌ನಲ್ಲಿ ಕೇಳಿದರೆ, ಕಣ್ಣೆದುರು ಬಲೆ ತುಂಬ ಬಂಗುಡೆ ಒದ್ದಾಡುತ್ತಿದ್ದರೂ, "ಇಲ್ಲಿ ಎಂತ ಇಲ್ಲ ಮಾರಾಯ, ಬರೀ ನೀರು" ಎನ್ನಬೇಕು. ಕೇಳಿದವನು ಅದನ್ನು ನಂಬಬಾರದು. ನಂಬದೆ ಬೋಟನ್ನು ಅತ್ತಲೇ ತಿರುಗಿಸಬೇಕು. ಇದನ್ನು ಇಲ್ಲಿ ಯಾರೂ ಸುಳ್ಳು ಎಂದು ಕರೆಯುವುದಿಲ್ಲ.

ತುಕ್ರ ಬಾವ, ಅಂದರೆ ನನ್ನ ಗಂಡನ ಅಣ್ಣ, ತಂಡೇಲ. ನನ್ನ ಗಂಡನೂ ತಂಡೇಲರಾಗಿದ್ದರು. ಅವರು ಮಾತ್ರ ಕೇಳಿದವರಿಗೆ ನಿಜ ಹೇಳುತ್ತಿದ್ದರು. ಹಾಗಾಗಿ ಅವರ ಬೋಟಿನ ಹಿಂದೆ ಯಾರೂ ಬರುತ್ತಿರಲಿಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು. ನಾನು ಬಾವನ ಮನೆಯಲ್ಲೇ ಇದ್ದೇನೆ. ಎಂ.ಕಾಂ. ಮಾಡಿದ್ದೇನೆ, ಪೇಟೆಯ ಬಲ್ಮಠದಲ್ಲಿ ಒಬ್ಬ ಆಡಿಟರ ಆಫೀಸಿನಲ್ಲಿ ಕೆಲಸ.

ಬಾವನ ಮಗಳು ಮೋಕ್ಷಾ ಈ ವರ್ಷ ಪಿಯುಸಿ ಮುಗಿಸಿದಳು. ಅವಳಿಗೆ ಸಿಎ ಆಗಬೇಕು. ಜೊತೆಗೆ ಬಿ.ಕಾಂ.ಗೆ ಯಾವ ಕಾಲೇಜು ಒಳ್ಳೆಯದು ಎಂದು ಬಾವ ನನ್ನನ್ನು ಕೇಳಿದರು. ನಾನು ಹೇಳಿದೆ. ನಮ್ಮ ಆಫೀಸಿನ ಹಿಂದೆಯೇ ಒಂದು ಕಾಲೇಜಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ತರಗತಿ ಮುಗಿಯುತ್ತದೆ. ಆಮೇಲೆ ಅದೇ ಕಟ್ಟಡದಲ್ಲಿ ಸಿಎ ಕೋಚಿಂಗ್. ಕತ್ತಲಾಗುವ ಮೊದಲು ಫೆರಿ ಹತ್ತಿ ಹೊಳೆ ದಾಟಿ ಮನೆಗೆ ಬರಬಹುದು. ಅರ್ಜಿ ಫಾರಂ ಇದ್ದ ಪ್ರಾಸ್ಪೆಕ್ಟಸ್ಸನ್ನೂ ತಂದು ಮೇಜಿನ ಮೇಲಿಟ್ಟೆ. ಅಪ್ಪ ಬಂದು ಸಹಿ ಹಾಕಿದರೆ ಆಯಿತು, ಶನಿವಾರ ಕೊನೆಯ ದಿನ ಎಂದೂ ಹೇಳಿದೆ.

ಬಾವ ಬಹಳ ಹೊತ್ತು ಯೋಚಿಸಿದರು. ಆಮೇಲೆ ಅಡುಗೆಮನೆಗೆ ಹೋಗಿ ಹೆಂಡತಿ ಹರಿಣಾಕ್ಷಿ ಅಕ್ಕನಿಗೆ ಹೇಳುವುದು ನನಗೆ ಕೇಳಿಸಿತು.

"ಕೇಳಿದ ಕೂಡ್ಲೇ ಹೇಳಿದ್ಲು. ಹಾಗಾದ್ರೆ ಅಲ್ಲಿ ಎಂತದೂ ಇಲ್ಲ."

"ಅವಳು ಅದೇ ಓದಿದ್ದಲ್ವಾ?" ಎಂದರು ಅಕ್ಕ.

"ಓದಿದವಳು ಹಾಗೆ ಬಾಯಿ ಬಿಡ್ತಾಳಾ? ಒಳ್ಳೆ ಜಾಗ ಆಗಿದ್ರೆ ಮುಚ್ಚಿಡ್ತಿದ್ಲು."

ಆ ರಾತ್ರಿ ಊಟಕ್ಕೆ ಬಿಸಿ ಗಂಜಿಯ ಪಾತ್ರೆಯನ್ನು ಪ್ರಾಸ್ಪೆಕ್ಟಸ್ ಮೇಲೆ ಇಟ್ಟರು. ಅದರ ಮೇಲೆ ಉರುಟಾದ ಕಲೆ ಬಿತ್ತು. ಮೋಕ್ಷಾ ಅದನ್ನು ಒರೆಸಿ ಮತ್ತೆ ಮೇಜಿನ ಮೇಲಿಟ್ಟಳು. ಮರುದಿನ ಅದೇ ಪಾತ್ರೆ ಅದೇ ಕಲೆಯ ಮೇಲೆ ಸರಿಯಾಗಿ ಕೂತಿತು.

ಜೂನ್ ತಿಂಗಳಲ್ಲಿ ಮಳೆಗಾಲದ ನಿಷೇಧ, ಬೋಟುಗಳು ಕಡಲಿಗಿಳಿಯುವಂತಿಲ್ಲ. ತಂಡೇಲರೆಲ್ಲ ಮನೆಯಲ್ಲಿರುತ್ತಾರೆ, ಏನು ಮಾಡುವುದೆಂದು ಗೊತ್ತಿಲ್ಲದೆ. ಒಂದು ಸಂಜೆ ಪಕ್ಕದ ಓಣಿಯ ಕಮಲೇಶಣ್ಣ ಬಂದರು. ಅವರೂ ತಂಡೇಲ. ಅವರ ಮಗ ಲಿಖಿತ್ ಮೋಕ್ಷಾಳ ಕ್ಲಾಸಿನವನೇ, ಅವನಿಗೂ ಸಿಎ ಆಗಬೇಕಂತೆ. ಹೋದ ವರ್ಷ ಎಲ್ಲರೂ ಖಾಲಿ ಬಲೆ ಎಳೆಯುತ್ತಿದ್ದಾಗ ಕಮಲೇಶಣ್ಣನೊಬ್ಬರು ಬೋಟು ತುಂಬ ಬಂಗುಡೆ ತಂದಿದ್ದರು. ಅಂದಿನಿಂದ ಅವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಬಾವನ ನಂಬಿಕೆ.

"ಲಿಖಿತ್‌ನಿಗೆ ಎಲ್ಲಿ ನೋಡಿದ್ದು?" ಬಾವ ಚಹಾ ಆರಿಸುತ್ತ ಕೇಳಿದರು.

"ಎಲ್ಲಿಯೂ ಇಲ್ಲ ಮಾರಾಯ. ಓದ್ತಾನಾ ಇಲ್ವಾ ಅಂತಲೇ ಗೊತ್ತಿಲ್ಲ. ಮೋಕ್ಷನಿಗೆ?"

"ಎಂತ ಕಾಲೇಜು? ಹೆಣ್ಣುಮಗು, ಮನೆಯಲ್ಲಿರ್ತದೆ."

ಒಳಗಿನಿಂದ ಮೋಕ್ಷಾ ಇಣುಕಿದಳು. ಅವಳ ಮುಖ ಸಪ್ಪಗಾಗಿತ್ತು. ಕಮಲೇಶಣ್ಣ ಅವಳನ್ನು ನೋಡಿ, ಬಾವನನ್ನು ನೋಡಿ, ಮೇಜಿನ ಮೇಲಿದ್ದ ಗಂಜಿ ಪಾತ್ರೆಯನ್ನೂ ನೋಡಿ, "ಹೌದೌದು, ಮನೆಯಲ್ಲಿರುವುದೇ ಒಳ್ಳೆಯದು" ಎಂದು ಎದ್ದು ಹೋದರು.

ಬಾವನಿಗೆ ಬಹಳ ಖುಷಿಯಾಯಿತು. "ಕಂಡೆಯಾ? ಅವನಿಗೆ ಗೊತ್ತುಂಟು. ನಾಡಿದ್ದು ಶುಕ್ರವಾರ ಅವನು ಪೇಟೆಗೆ ಹೋಗ್ಲಿಕ್ಕುಂಟಂತೆ, ಅವನ ಹೆಂಡತಿ ನೀರಿನ ನಳ್ಳಿಯ ಹತ್ತಿರ ಹೇಳಿದ್ದು. ನಾವು ಹಿಂದಿನಿಂದ ಹೋಗುವ."

"ಅಪ್ಪ, ಚಿಕ್ಕಮ್ಮ ಹೇಳಿದ ಕಾಲೇಜಿಗೇ ಹೋಗುವ ಅಲ್ವಾ?" ಎಂದಳು ಮೋಕ್ಷಾ.

"ಚಿಕ್ಕಮ್ಮ ಪಾಪ," ಎಂದರು ಬಾವ.

ಶನಿವಾರದೊಳಗೆ ಎಲ್ಲಿಯೂ ಸೀಟು ಆಗದಿದ್ದರೆ ಮೋಕ್ಷಾ ಒಂದು ವರ್ಷ ಅವಳ ಸೋದರಮಾವನ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತ ಕೂರಬೇಕು ಎಂದು ಮೊದಲೇ ತೀರ್ಮಾನವಾಗಿತ್ತು. ಸುಮ್ಮನೆ ಮನೆಯಲ್ಲಿ ಕೂತರೆ ಹುಡುಗಿಯರಿಗೆ ಮದುವೆಯ ಮಾತು ಬರುತ್ತದೆ, ಐಸ್ ಪ್ಲಾಂಟಿನಲ್ಲಿ ಕೂತರೆ ಬರೀ ನೆಗಡಿ ಬರುತ್ತದೆ ಎಂಬುದು ಹರಿಣಾಕ್ಷಿ ಅಕ್ಕನ ಲೆಕ್ಕ. ಮೋಕ್ಷಾ ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬಂದಳು. "ಚಿಕ್ಕಮ್ಮ, ಅಲ್ಲಿ ಕುರ್ಚಿಯೂ ತಣ್ಣಗೆ ಉಂಟು" ಎಂದಳು.

ಶುಕ್ರವಾರ ನಾನು ರಜೆ ಹಾಕಿದೆ. ಒಂದೇ ಫೆರಿಯಲ್ಲಿ ಕಮಲೇಶಣ್ಣ ಮತ್ತು ಲಿಖಿತ್ ಮುಂದಿನ ತುದಿಯಲ್ಲಿ ನಿಂತರು. ಬಾವ, ಮೋಕ್ಷಾ, ನಾನು ಹಿಂದಿನ ತುದಿಯಲ್ಲಿ. ಬಾವ ಕೊಡೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಮಳೆ ಇರಲಿಲ್ಲ. ಆ ಕೊಡೆಯ ಮೇಲೆ ಬಾವನ ಬೋಟಿನ ಹೆಸರು ದೊಡ್ಡದಾಗಿ ಬರೆದಿತ್ತು.

ಬೋಟುಗಳು ನಿಲ್ಲುವ ದಕ್ಕೆಯಲ್ಲಿ ಇಳಿದು ಕಮಲೇಶಣ್ಣ ಬೋಳಾರದ ಕಡೆ ನಡೆದರು. ನಾವೂ ನಡೆದೆವು. ಅವರು ಮಂಗಳಾದೇವಿ ದೇವಸ್ಥಾನಕ್ಕೆ ಹೋದರು. ನಾವೂ ಹೋದೆವು. ಅವರು ಸುತ್ತು ಬಂದರು, ಬಾವ ಅರ್ಧ ಸುತ್ತು ಹಿಂದೆ ಬಂದರು. ಅವರು ವೇಗವಾಗಿ ನಡೆದರೆ ಬಾವನೂ ವೇಗವಾಗಿ. ಕೊನೆಗೆ ಯಾರು ಯಾರ ಹಿಂದೆ ಎಂದು ಗೊತ್ತಾಗದ ಹಾಗಾಯಿತು. ಭಟ್ಟರು ಇಬ್ಬರಿಗೂ ಒಟ್ಟಿಗೆ ತೀರ್ಥ ಕೊಟ್ಟರು. ಇಬ್ಬರೂ ಆಗಷ್ಟೇ ಒಬ್ಬರನ್ನೊಬ್ಬರು ಕಂಡವರ ಹಾಗೆ ಮಾಡಿದರು.

"ಓ ತುಕ್ರಣ್ಣ, ಎಂತ ಈಚೆ ಕಡೆ?"

"ಹೀಗೇ. ದೇವರು."

"ನಾನೂ ಹಾಗೇ."

ಅಲ್ಲಿಂದ ಕಮಲೇಶಣ್ಣ ಬಸ್ಸು ಹತ್ತಿದರು. ನಾವು ಹಿಂದಿನ ಬಾಗಿಲಿನಿಂದ ಹತ್ತಿದೆವು. ಅವರು ಹಗ್ಗದ ಅಂಗಡಿಗೆ ಹೋಗಿ ಹಗ್ಗವನ್ನು ಎಳೆದು ನೋಡಿ ಬಿಟ್ಟರು. ಬಾವನೂ ಅದೇ ಹಗ್ಗವನ್ನು ಎಳೆದು ನೋಡಿದರು, ಒಳಗೆ ಏನಾದರೂ ಅಡಗಿಸಿಟ್ಟಿದ್ದಾರೋ ಎಂಬಂತೆ. ಆಮೇಲೆ ಕಮಲೇಶಣ್ಣ ಒಂದು ಕಾಲೇಜಿನ ಗೇಟಿನೊಳಗೆ ನುಗ್ಗಿದರು. ಬಾವ ನನ್ನ ಕೈ ಹಿಡಿದು ಎಳೆಯುವುದೊಂದು ಬಾಕಿ.

"ಇದೇ, ಇದೇ. ಬೇಗ ಬನ್ನಿ."

"ಬಾವ, ಇದು ನರ್ಸಿಂಗ್ ಕಾಲೇಜು."

"ಹೊರಗೆ ಹಾಗೆ ಬರೆದದ್ದು."

ಒಳಗೆ ಕಮಲೇಶಣ್ಣ ಒಂದು ಅರ್ಜಿ ತೆಗೆದುಕೊಂಡರು. ಬಾವ ಎರಡು ತೆಗೆದುಕೊಂಡರು. ಲಿಖಿತ್ ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರ ನೋಡುತ್ತ ನಿಂತಿದ್ದ. ಮೋಕ್ಷಾ ಅವನನ್ನು ನೋಡಿದಳು. ಇಬ್ಬರೂ ಪಿಯುಸಿಯಲ್ಲಿ ಅಕೌಂಟೆನ್ಸಿಗೆ ನೂರಕ್ಕೆ ನೂರು ತೆಗೆದವರು.

ಮಧ್ಯಾಹ್ನ ಹೊಟೇಲಿನಲ್ಲಿ ಇಬ್ಬರು ತಂಡೇಲರು ಬೆನ್ನಿಗೆ ಬೆನ್ನು ಹಾಕಿ ಕೂತು ಗೋಳಿಬಜೆ ತಿಂದರು. ಮೋಕ್ಷಾಳ ಫೋನು ಸಣ್ಣಗೆ ಸದ್ದು ಮಾಡಿತು. ಅವಳು ಓದಿ ನನಗೆ ಕೊಟ್ಟಳು. ಲಿಖಿತ್ ಬರೆದಿದ್ದ.

"ನಿನ್ನ ಅಪ್ಪ ಯಾವ ಕಾಲೇಜಿಗೆ ಹೋಗುವುದು? ನನ್ನ ಅಪ್ಪ ಬೆಳಿಗ್ಗೆಯಿಂದ ಅವರನ್ನು ಕಾಯ್ತಾ ಇದ್ದಾರೆ. ತುಕ್ರಣ್ಣನ ಮನೆಯಲ್ಲಿ ಎಂ.ಕಾಂ. ಉಂಟು, ಅವರಿಗೆ ಗೊತ್ತಿರ್ತದೆ ಅಂತ. ಹಿಂದೆ ಹೋದ್ರೆ ಸಂಶಯ ಬರ್ತದೆ, ಅದಕ್ಕೆ ಮುಂದೆ ಹೋಗ್ತಿದ್ದೇವೆ."

ಮೋಕ್ಷಾ ಅಪ್ಪನ ಕಡೆ ಬಗ್ಗಿದಳು. "ಅಪ್ಪ, ಕಮಲೇಶಣ್ಣನಿಗೂ ಗೊತ್ತಿಲ್ಲವಂತೆ."

ಬಾವ ಗೋಳಿಬಜೆ ಕೆಳಗಿಟ್ಟರು. "ಯಾರು ಹೇಳಿದ್ದು?"

"ಅವರೇ ಹೇಳಿದ್ದಂತೆ."

"ಗೊತ್ತಿಲ್ಲ ಅಂತ ಅವನೇ ಹೇಳಿದನಾ?" ಬಾವನ ಮುಖ ಅರಳಿತು. "ಹಾಗಾದ್ರೆ ಖಂಡಿತ ಗೊತ್ತುಂಟು."

ಸಂಜೆಯವರೆಗೆ ನಾವು ಮತ್ತೆ ಒಂದು ಟೈಲರ್ ಅಂಗಡಿ, ಒಂದು ಕಣ್ಣಿನ ಆಸ್ಪತ್ರೆ, ಮತ್ತು ಯಾರದೋ ಗೃಹಪ್ರವೇಶ ನೋಡಿದೆವು. ಗೃಹಪ್ರವೇಶದಲ್ಲಿ ನಮಗೆ ಪಾನಕ ಕೊಟ್ಟರು. ಕಮಲೇಶಣ್ಣನಿಗೂ ಅವರ ಪರಿಚಯವಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಮರಳುವ ಫೆರಿಯಲ್ಲಿ ಎಲ್ಲರೂ ಸುಸ್ತಾಗಿದ್ದರು. ಮೋಕ್ಷಾ ನನ್ನ ಪಕ್ಕ ಕೂತು ನೀರನ್ನೇ ನೋಡುತ್ತಿದ್ದಳು. ಮೂಗು ಕೆಂಪಾಗಿತ್ತು.

"ನಾಳೆ ಶನಿವಾರ, ಚಿಕ್ಕಮ್ಮ."

"ಹೌದು."

"ಐಸ್ ಪ್ಲಾಂಟಿಗೆ ಸ್ವೆಟರ್ ತಗೊಳ್ಬೇಕು."

ನಾನು ಬಹಳ ದಿನಗಳಿಂದ ಯಾವುದಕ್ಕೂ ಉಪಾಯ ಹುಡುಕಿದವಳಲ್ಲ. ಹುಡುಕುವುದೇ ಮರೆತುಹೋಗಿತ್ತು. ಆದರೆ ಬ್ಯಾಗಿನಲ್ಲಿ ಪ್ರಾಸ್ಪೆಕ್ಟಸ್ ಇತ್ತು, ಗಂಜಿ ಕಲೆಯ ಸಮೇತ. ಅದನ್ನು ಅರ್ಧ ಹೊರಗೆ ತೆಗೆದೆ. ಬಾವ ನೋಡಿದರು ಎಂದು ಖಾತ್ರಿಯಾದ ಮೇಲೆ ತಟ್ಟನೆ ಒಳಗೆ ತುರುಕಿ ಜಿಪ್ ಎಳೆದೆ. ಅದರ ಮೇಲೆ ಸೆರಗು ಹಾಕಿ, ಸೆರಗಿನ ಮೇಲೆ ಕೈಯಿಟ್ಟು, ಕಡಲಿನ ಕಡೆ ತಿರುಗಿದೆ.

"ಎಂತ ಅದು?" ಬಾವನ ಧ್ವನಿ ತಗ್ಗಿತ್ತು.

"ಎಂತ ಇಲ್ಲ, ಬಾವ."

"ಬಲ್ಮಠದ್ದಾ?"

"ಅಲ್ಲಿ ಎಂತ ಉಂಟು? ಬರೀ ನೀರು."

ಬಾವ ನನ್ನನ್ನು ಮೊದಲ ಬಾರಿ ನೋಡುವವರ ಹಾಗೆ ನೋಡಿದರು. ಫೆರಿಯ ಮುಂದಿನ ತುದಿಯಲ್ಲಿ ಕಮಲೇಶಣ್ಣ ಕುತ್ತಿಗೆ ಉದ್ದ ಮಾಡಿ ನನ್ನ ಬ್ಯಾಗನ್ನು ನೋಡುತ್ತಿದ್ದರು.

ಶನಿವಾರ ನಾನು ಏಳುವಾಗ ಬಾವನೂ ಮೋಕ್ಷಾಳೂ ಮನೆಯಲ್ಲಿರಲಿಲ್ಲ. ನನ್ನ ಬ್ಯಾಗಿನ ಜಿಪ್ ತೆರೆದಿತ್ತು. ಹರಿಣಾಕ್ಷಿ ಅಕ್ಕ ದೋಸೆ ಹೊಯ್ಯುತ್ತ, "ಡೀಸೆಲ್ ನೋಡ್ಲಿಕ್ಕೆ ಹೋಗಿದ್ದಾರೆ" ಎಂದರು. "ಮೋಕ್ಷನನ್ನೂ ಕರ್ಕೊಂಡು ಹೋಗಿದ್ದಾರೆ, ಡೀಸೆಲ್ ನೋಡ್ಲಿಕ್ಕೆ." ನಗು ತಡೆಯಲಾಗದೆ ಅಕ್ಕ ದೋಸೆ ಹರಿದರು.

ಆಫೀಸಿನಲ್ಲಿ ಮಧ್ಯಾಹ್ನವಾಗುತ್ತ ಬಂದಿತ್ತು. ಮೋಕ್ಷಾಳ ಮೆಸೇಜು ಬಂತು. "ಚಿಕ್ಕಮ್ಮ, ಕಾಲೇಜಿನಲ್ಲಿದ್ದೇವೆ. ಲಿಖಿತ್‌ನವರೂ ನಮ್ಮ ಹಿಂದೆಯೇ ಬಂದು ಗೇಟಿನಲ್ಲಿ ಫಾರಂ ತಗೊಂಡಿದ್ದಾರೆ. ಯಾರೂ ಫಾರಂ ಹೊರಗೆ ತೆಗೆಯುವುದಿಲ್ಲ. ಬೇಗ ಬಾ."

ಹಿಂದಿನ ಗೇಟಿನಿಂದ ಓಡಿದೆ. ಅಡ್ಮಿಷನ್ ಕೌಂಟರಿನ ಎದುರು ಬಾವ ಒಂದು ಕಂಬಕ್ಕೆ ಒರಗಿದ್ದರು, ಕಮಲೇಶಣ್ಣ ಇನ್ನೊಂದಕ್ಕೆ. ಬಾವನ ಅಂಗಿ ಹೊಟ್ಟೆಯ ಹತ್ತಿರ ಚೌಕಾಕಾರದಲ್ಲಿ ಉಬ್ಬಿತ್ತು. ಕಮಲೇಶಣ್ಣನ ಅಂಗಿಯೂ. ಕೌಂಟರಿನಲ್ಲಿ ಎಲೇನ್ ಎಂಬ ಹೆಂಗಸು ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡುತ್ತಿದ್ದಳು. ಅವಳ ಪರಿಚಯ ನನಗಿತ್ತು, ನಮ್ಮ ಆಫೀಸಿಗೆ ಬರುತ್ತಿದ್ದಳು.

"ಇವರು ಎಂತಕ್ಕೆ ಬಂದದ್ದು, ನಿಮಗೆ ಗೊತ್ತುಂಟಾ?" ಎಲೇನ್ ನನ್ನನ್ನು ಕೇಳಿದಳು. "ಒಬ್ಬರು ಸುಮ್ನೆ ಬಂದದ್ದಂತೆ. ಇನ್ನೊಬ್ಬರು ನೀರು ಕುಡಿಲಿಕ್ಕೆ ಬಂದದ್ದಂತೆ. ಎಷ್ಟು ನೀರು ಕುಡಿಯುವುದು ಮಾರಾಯ್ತಿ, ಫಿಲ್ಟರ್ ಖಾಲಿ ಆಯ್ತು. ನಾನು ಈಗ ಕೌಂಟರ್ ಮುಚ್ಚಬೇಕು."

"ಬಾವ, ಫಾರಂ ಕೊಡಿ," ಎಂದೆ.

"ಯಾವ ಫಾರಂ?" ಬಾವ ಕಣ್ಣಿನಲ್ಲೇ ಕಮಲೇಶಣ್ಣನನ್ನು ತೋರಿಸಿದರು. "ಅವನು ಹೋಗ್ಲಿ."

"ನೀವು ಹೋಗಿ ತುಕ್ರಣ್ಣ, ನಿಮಗೆ ಕೆಲಸ ಇರ್ತದೆ," ಎಂದರು ಕಮಲೇಶಣ್ಣ.

"ನನಗೆ ಎಂತ ಕೆಲಸ? ನೀನು ಹೋಗು."

"ನನಗೆ ಇನ್ನೂ ಬಾಯಾರಿಕೆ ಉಂಟು."

ಎಲೇನ್ ಕೌಂಟರಿನ ಗಾಜನ್ನು ಎಳೆಯತೊಡಗಿದಳು. ಅದು ಸ್ವಲ್ಪ ಸಿಕ್ಕಿಕೊಳ್ಳುವ ಗಾಜು. ಮೋಕ್ಷಾ ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ನೇರ ಹೋಗಿ ಅಪ್ಪನ ಅಂಗಿಯ ಎರಡು ಗುಂಡಿ ಬಿಚ್ಚಿ, ಒಳಗಿದ್ದುದನ್ನು ಎಳೆದು, ಗಾಜು ಮುಚ್ಚುವ ಮೊದಲು ಕೌಂಟರಿನ ಮೇಲೆ ಪಟ್ಟನೆ ಇಟ್ಟಳು.

"ಅಪ್ಪ," ಎಂದಳು, "ಬಲೆ ಬಿಟ್ಟಾಯ್ತು."

ಇದರ ಮೇಲೆ ಮಾತಿಲ್ಲ. ಕಡಲಿನಲ್ಲಿ ಒಬ್ಬ ಬಲೆ ಬಿಟ್ಟ ಮೇಲೆ ಮುಚ್ಚಿಡುವುದಕ್ಕೆ ಏನೂ ಇರುವುದಿಲ್ಲ, ಎಲ್ಲರಿಗೂ ಕಾಣುತ್ತದೆ. ಆಮೇಲೆ ತಂಡೇಲನಿಗೆ ಉಳಿಯುವ ಕೆಲಸ ಎಳೆಯುವುದು ಮಾತ್ರ. ಬಾವ ಎರಡೇ ಹೆಜ್ಜೆಗೆ ಕೌಂಟರಿಗೆ ಬಂದು ಪೆನ್ನು ಕಸಿದು, ಎಲ್ಲಿ ಎಲ್ಲಿ ಜಾಗ ಖಾಲಿ ಕಂಡಿತೋ ಅಲ್ಲೆಲ್ಲ ಸಹಿ ಹಾಕಿದರು. ಗಂಜಿ ಕಲೆಯ ಒಳಗೂ ಒಂದು ಹಾಕಿದರು. ಅದು ಅಗತ್ಯವಿರಲಿಲ್ಲ.

ಕಮಲೇಶಣ್ಣ ಒಂದು ಕ್ಷಣ ಗೌರವದಿಂದ ನಿಂತರು. ಆಮೇಲೆ ಅವರೂ ಅಂಗಿಯ ಗುಂಡಿ ಬಿಚ್ಚಿದರು. ಎಲೇನ್ ಮುಖ ಆ ಕಡೆ ತಿರುಗಿಸಿ ಅವರ ಫಾರಂ ತೆಗೆದುಕೊಂಡಳು.

"ಇಬ್ಬರಿಗೂ ಸೀಟು ಉಂಟು," ಎಂದಳು. "ಬೇಕಾದಷ್ಟು ಉಂಟು. ನೀವು ಬೆಳಿಗ್ಗೆಯೇ ಹೇಳಬಹುದಿತ್ತು."

ಇಬ್ಬರು ತಂಡೇಲರೂ ಅವಳನ್ನು ಕನಿಕರದಿಂದ ನೋಡಿದರು. ಫೆರಿಯಲ್ಲಿ ಮರಳುವಾಗ ಅಕ್ಕಪಕ್ಕ ಕೂತು ಬಂದರು. ಇಳಿಯುವ ಮೊದಲು, ಊರಿನಲ್ಲಿ ಯಾರಾದರೂ ಕೇಳಿದರೆ ನರ್ಸಿಂಗ್ ಎನ್ನುವುದೆಂದು ಮಾತಾಯಿತು. ಲಿಖಿತ್ ಬೇಸರದಿಂದ ಒಪ್ಪಿದ.

ತರಗತಿ ಶುರುವಾದ ವಾರ ದಕ್ಕೆಯಲ್ಲಿ ಮೀನು ಮಾರುವ ಸುಂದರಿ ಅಕ್ಕ ನನ್ನನ್ನು ತಡೆದು ನಿಲ್ಲಿಸಿದರು. ಅವರ ತಂಗಿಯ ಮಗನಿಗೂ ಸಿಎ ಆಗಬೇಕಂತೆ, ಮುಂದಿನ ವರ್ಷಕ್ಕೆ.

"ನಿಮ್ಮ ಮೋಕ್ಷ ಎಲ್ಲಿ ಸೇರಿದ್ದು? ನಿಜ ಹೇಳು."

ನಾನು ನಿಜ ಹೇಳಿದೆ. ಕಾಲೇಜಿನ ಹೆಸರು, ಬಲ್ಮಠದಲ್ಲಿ ಎಲ್ಲಿ, ತರಗತಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಕೋಚಿಂಗ್ ಎಲ್ಲಿ, ಎಲ್ಲ.

ಸುಂದರಿ ಅಕ್ಕ ಬುಟ್ಟಿಯ ಮೇಲೆ ಗೋಣಿ ಮುಚ್ಚಿದರು. "ಹೇಳ್ಲಿಕ್ಕೆ ಮನಸ್ಸಿಲ್ಲದಿದ್ರೆ ಬೇಡ ಮಾರಾಯ್ತಿ," ಎಂದು ಬುಟ್ಟಿ ಎತ್ತಿಕೊಂಡು ಹೋದರು.

ಮನೆಗೆ ಬಂದು ಬಾವನಿಗೆ ಇದನ್ನು ಹೇಳಿದೆ. ಅವರು ಬಲೆ ಹೆಣೆಯುತ್ತಿದ್ದರು. ಕೈ ನಿಲ್ಲಿಸಿದರು.

"ತಮ್ಮನೂ ಹೀಗೇ ಮಾಡ್ತಿದ್ದ," ಎಂದರು. "ನಿಜ ಹೇಳಿದ್ದಕ್ಕೇ ಅವನು ಕಂಡ ಬಂಗುಡೆ ಬೇರೆ ಯಾರೂ ಮುಟ್ಲಿಲ್ಲ." ಆಮೇಲೆ ನನಗೆ ಕೂರಲು ಬಲೆ ಸರಿಸಿ ಜಾಗ ಮಾಡಿಕೊಟ್ಟರು.