ನೆಲದಿಂದ ಮೂರು ಮೆಟ್ಟಿಲು ಕೆಳಗೆ

ಲೆಕ್ಕದ ಮೇಷ್ಟ್ರಿಗೆ ಮಕ್ಕಳು ಇಟ್ಟಿದ್ದ ಹೆಸರು ಕುಕ್ಕರ್. ಮೂರು ಸಲ ಕೂಗಿದರೆ ಆಮೇಲೆ ತಣ್ಣಗಾಗುತ್ತಾರೆ ಎಂಬುದು ಆರನೇ ತರಗತಿಯ ಹಿಂದಿನ ಬೆಂಚಿನವರು ಕಂಡುಹಿಡಿದ ಸತ್ಯ. ಈ ಹೆಸರು ಮೇಷ್ಟ್ರಿಗೂ ಗೊತ್ತಿತ್ತು. ಸುಳ್ಳೇನೂ ಅಲ್ಲವಲ್ಲ ಎಂದು ಸುಮ್ಮನಿದ್ದರು.

ಇಪ್ಪತ್ತೆರಡು ವರ್ಷಗಳಿಂದ ಈ ಕುಕ್ಕರ್ ಅತಿ ಜೋರಾಗಿ ಕೂಗುತ್ತಿದ್ದದ್ದು ಮೈನಸ್ ಸಂಖ್ಯೆಗಳ ಪಾಠ ಬಂದಾಗ. ಮೈನಸ್ ಎಂಟು ದೊಡ್ಡದೋ ಮೈನಸ್ ಎರಡು ದೊಡ್ಡದೋ ಎಂದು ಕೇಳಿದರೆ ಇಡೀ ತರಗತಿ ಕಣ್ಣುಮುಚ್ಚಿಕೊಂಡು ಎಂಟು ಎನ್ನುತ್ತಿತ್ತು. ಬೋರ್ಡಿನ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು, ಎಡಕ್ಕೆ ಹೋದಷ್ಟೂ ಚಿಕ್ಕದು ಎಂದು ಹತ್ತು ಸಲ ಬರೆಸಿ, ಬಾಯಿಪಾಠ ಮಾಡಿಸಿದರೂ ಪರೀಕ್ಷೆಯಲ್ಲಿ ಮತ್ತೆ ಎಂಟೇ. ಪ್ರತಿ ವರ್ಷ ಹೊಸ ಮಕ್ಕಳು, ಅದೇ ತಪ್ಪು, ಅದೇ ಕೂಗು.

ಈ ವರ್ಷ ತಕರಾರು ಬಂದಳು. ಈ ಹೆಸರು ಮೇಷ್ಟ್ರೇ ಇಟ್ಟದ್ದು. ಎರಡು ಜಡೆಯ, ಮೊಣಕಾಲಿನಲ್ಲಿ ಸದಾ ಒಂದು ಗಾಯವಿರುವ ಹುಡುಗಿ. ಹಾಜರಿ ಕರೆದರೂ ವಾದ ಮಾಡುವವಳು. ಮೈನಸ್ ಎಂಟು ಚಿಕ್ಕದು ಎಂದ ಕೂಡಲೇ ಎದ್ದು ನಿಂತಳು.

"ಎಂಟು ಎರಡಕ್ಕಿಂತ ಜಾಸ್ತಿ ಅಲ್ವಾ ಸರ್? ಮುಂದೆ ಒಂದು ಗೆರೆ ಎಳೆದ ತಕ್ಷಣ ಅದಕ್ಕೇನು ಜ್ವರ ಬಂತಾ?"

ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಪಿತ್ತ ನೆತ್ತಿಗೇರಿತು. ಎಲ್ಲರನ್ನೂ ಎಬ್ಬಿಸಿ ಹೊರಗೆ ಅಟ್ಟಿಕೊಂಡು ಹೋದರು. ಮೊಗಸಾಲೆಯ ಕೊನೆಗೆ ಮೆಟ್ಟಿಲುಗಳಿದ್ದವು. ಎಂಟು ಮೆಟ್ಟಿಲು ಮೇಲೆ ಹತ್ತಿದರೆ ಪುಸ್ತಕದ ಕೋಣೆ, ಎಂಟು ಮೆಟ್ಟಿಲು ಕೆಳಗೆ ಇಳಿದರೆ ಮುರಿದ ಬೆಂಚು, ತೂತು ಬಕೆಟ್ಟುಗಳನ್ನು ತುಂಬಿದ ಸಾಮಾನಿನ ಕೋಣೆ. ಮೇಷ್ಟ್ರು ನಡುವಿನ ನೆಲದ ಮೇಲೆ ಕಾಲು ಅಪ್ಪಳಿಸಿ, ಇದೇ ಸೊನ್ನೆ ಎಂದರು. ತಕರಾರಿಗೆ ಎರಡು ಮೆಟ್ಟಿಲು ಇಳಿಯಲು ಹೇಳಿದರು, ತರಗತಿಯ ದಪ್ಪ ಹುಡುಗ ಗುಂಡುವಿಗೆ ಎಂಟು.

"ಈಗ ಬೊಗಳು, ಯಾರು ಮೇಲಿದ್ದಾರೆ?"

ತಕರಾರು ಬಗ್ಗಿ, ಬಕೆಟ್ಟುಗಳ ಪಕ್ಕ ನಿಂತ ಗುಂಡುವನ್ನು ನೋಡಿದಳು. ಆಮೇಲೆ ತನ್ನ ಕಾಲ ಕೆಳಗಿನ ಮೆಟ್ಟಿಲನ್ನು ನೋಡಿದಳು.

"ನಾನೇ ಸರ್. ಇದನ್ನ ಮೊದಲೇ ತೋರಿಸಬಾರದಿತ್ತಾ?"

ಹೀಗೆ, ಸಿಟ್ಟಿನ ಹೊಟ್ಟೆಯಲ್ಲಿ ಆಟ ಹುಟ್ಟಿತು. ಮೇಷ್ಟ್ರು ಮನೆಯಲ್ಲಿ ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಕಾರ್ಡು ಮಾಡಿದರು. ಅವರ ಅಕ್ಷರ ಕೋಳಿ ಕೆದರಿದ ಹಾಗಿದ್ದುದರಿಂದ ಅಂಕಿಗಳನ್ನು ಹೆಂಡತಿ ಬರೆದುಕೊಟ್ಟರು. ಮೇಲಿನವು ಕಪ್ಪು, ಕೆಳಗಿನವು ಕೆಂಪು. ಅರ್ಧ ತಲೆ ನೆರೆತ ಮೇಲೆ ನಿಮಗೆ ಆಟವಾಡುವ ವಯಸ್ಸು ಬಂತು ನೋಡಿ ಎಂದು ಆಕೆ ಚುಚ್ಚಿದರೂ ಮೇಷ್ಟ್ರು ರಟ್ಟು ಕತ್ತರಿಸುತ್ತಲೇ ಇದ್ದರು. ತರಗತಿ ಎರಡು ಗುಂಪಾಯಿತು: ಚಾಕ್‌ಪೀಸು ಮತ್ತು ಡಸ್ಟರು. ಗುಂಪಿಗೊಬ್ಬರಂತೆ ಬಂದು ಕಾರ್ಡು ಎಳೆಯಬೇಕು, ತನ್ನ ಮೆಟ್ಟಿಲಿಗೆ ಹೋಗಿ ನಿಲ್ಲಬೇಕು. ಮೇಲೆ ನಿಂತವರದ್ದು ದೊಡ್ಡ ಸಂಖ್ಯೆ, ಅವರ ಗುಂಪಿಗೆ ಒಂದು ಪಾಯಿಂಟು. ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದರು. ಬೆಳಿಗ್ಗೆ ಕಸ ಗುಡಿಸಿದಾಗ ಅದು ಅಳಿಸಿಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದರು. ಮೂರು ವಾರದಲ್ಲಿ ಹಿಂದಿನ ಬೆಂಚಿನವರು ಕಿರುಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು ತೆಗೆದರು. ಆ ಕಾಗದಗಳನ್ನು ಮೇಷ್ಟ್ರು ಎರಡು ಸಲ ತಿದ್ದಿದರು, ನಂಬಿಕೆ ಬರದೆ.

ಆದರೆ ಗದ್ದಲ ವಿಪರೀತ. ಪಕ್ಕದ ತರಗತಿಯ ಭಾಷೆಯ ಮೇಡಂ ದೂರು ಕೊಟ್ಟರು. ಹೆಡ್‌ಮಿಸ್ ಕರೆಸಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು: ಗುರುವಾರ ತಪಾಸಣೆಗೆ ಸಾಹೇಬರು ಬರುತ್ತಾರೆ, ಅವರೆದುರು ಆಡಿಸಿ, ಮಕ್ಕಳು ತಡವರಿಸಿದರೆ ಆಟ ಅವತ್ತಿಗೇ ಬಂದ್, ಮತ್ತೆ ಬೋರ್ಡು, ಮತ್ತೆ ಬಾಯಿಪಾಠ. ಮೇಷ್ಟ್ರಿಗೆ ರೇಗಿತು. ತಡವರಿಸಿದರೆ ಕಾರ್ಡುಗಳನ್ನು ನಾನೇ ಹರಿದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ ಎಂದು ಹೇಳಿ ಬಂದರು. ಹೊರಗೆ ಬಂದ ಮೇಲೆ, ಈ ನಾಲಿಗೆಗೆ ಒಂದು ಮೂಗುದಾರ ಬೇಕಿತ್ತು ಅನ್ನಿಸಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮಕ್ಕಳು ಅವರ ಪೀರಿಯಡ್‌ಗೆ ಓಡಿ ಬರುತ್ತಿದ್ದರು. ಅದನ್ನು ಪಣಕ್ಕಿಟ್ಟು ಬಂದಿದ್ದರು.

ಗುರುವಾರ ಬೆಳಿಗ್ಗೆ ತಕರಾರನ್ನು ಪಕ್ಕಕ್ಕೆ ಕರೆದರು.

"ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೋ ತಾಯಿ. ನಾನು ತೆಗಿ ಅನ್ನೋವರೆಗೂ ತೆಗೀಬೇಡ."

ಅವಳು ತುಟಿಯ ಮೇಲೆ ಕೀಲಿ ತಿರುಗಿಸಿದಂತೆ ಮಾಡಿ, ಆ ಕೀಲಿಯನ್ನು ಮೇಷ್ಟ್ರ ಅಂಗಿಯ ಜೇಬಿಗೆ ಹಾಕಿದ ಹಾಗೆ ಅಭಿನಯಿಸಿದಳು.

ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಗೆ ಜಾರಿದ ಕನ್ನಡಕ. ಮೇಷ್ಟ್ರು ಗೇಟಿನಲ್ಲೇ ಕಾದಿದ್ದು ಅವರನ್ನು ಕರೆತಂದರು. ಮೆಟ್ಟಿಲ ಹತ್ತಿರ ಬಂದಾಗ ನೋಡಿದರೆ ಸೀಮೆಸುಣ್ಣದ ಜಾಗದಲ್ಲಿ ಬಿಳಿ ಬಣ್ಣದ ಅಂಕಿಗಳು ಹೊಳೆಯುತ್ತಿವೆ. ಸಾಹೇಬರಿಗೆ ಚೆನ್ನಾಗಿ ಕಾಣಲಿ ಎಂದು ಹೆಡ್‌ಮಿಸ್ ಹಿಂದಿನ ಸಂಜೆ ಅಟೆಂಡರ್ ಕೈಯಲ್ಲಿ ಬರೆಸಿದ್ದರು. ಮೇಷ್ಟ್ರಿಗೆ ಖುಷಿಯಾಯಿತು. ಓದಿ ನೋಡುವಷ್ಟು ಪುರುಸೊತ್ತು ಇರಲಿಲ್ಲ.

ಮೊದಲ ಸುತ್ತು ಐದು ಮತ್ತು ಎರಡು. ಇಬ್ಬರೂ ಮೇಲಿನ ಮೆಟ್ಟಿಲಿಗೆ ಓಡಿದರು, ಸಲೀಸಾಗಿ ಮುಗಿಯಿತು. ಎರಡನೆಯದು ನಾಲ್ಕು ಮತ್ತು ಮೈನಸ್ ಎರಡು. ಒಬ್ಬ ಮೇಲೆ, ಒಬ್ಬ ಕೆಳಗೆ, ಅದೂ ಮುಗಿಯಿತು. ಕೆಳಗೆ ಹೋದವನು ಯಾಕೋ ತೀರಾ ತಳಕ್ಕೆ ಇಳಿದ ಎಂದು ಮೇಷ್ಟ್ರಿಗೆ ಅನ್ನಿಸಿತು. ಅಷ್ಟರಲ್ಲಿ ಮೂರನೇ ಕಾರ್ಡು ಎಳೆದಾಗಿತ್ತು.

ಡಸ್ಟರ್ ಗುಂಪಿನ ಗುಂಡುವಿಗೆ ಮೈನಸ್ ಏಳು. ಚಾಕ್‌ಪೀಸಿನ ತಕರಾರಿಗೆ ಮೈನಸ್ ಮೂರು. ಗುಂಡು ಬಣ್ಣದ ಏಳನ್ನು ಹುಡುಕಿ ನಿಂತ. ನೆಲದಿಂದ ಎರಡೇ ಮೆಟ್ಟಿಲು ಕೆಳಗೆ. ತಕರಾರು ಅವನ ಕೆಳಗಿನ ಮೆಟ್ಟಿಲಿನಲ್ಲಿ ನಿಂತಳು. ಅವಳ ಕಾಲ ಬಳಿ ಬಿಳಿ ಬಣ್ಣದಲ್ಲಿ ಆರು ಎಂದಿತ್ತು.

ಸಾಹೇಬರು ಕನ್ನಡಕ ಏರಿಸಿಕೊಂಡು, ಈ ಹುಡುಗಿ ಮೂರರ ಕಾರ್ಡು ಹಿಡಿದು ಆರರ ಮೇಲೆ ನಿಂತಿದ್ದಾಳಲ್ಲ ಎಂದರು. ಹೆಡ್‌ಮಿಸ್ ಮುಖ ಬಿಗಿಯಾಯಿತು. ಮೇಷ್ಟ್ರು ಬಗ್ಗಿ ನೋಡಿದರು. ಆರು ಕಂಡಿತು. ಇನ್ನೇನೂ ಕಾಣಲಿಲ್ಲ. ಮೂರು ವಾರದ ದುಡಿಮೆ ಕಣ್ಣೆದುರೇ ಬಕೆಟ್ಟುಗಳ ಕಡೆಗೆ ಉರುಳುತ್ತಿತ್ತು.

"ಅದು ನಿನ್ನ ಮೆಟ್ಟಿಲಲ್ಲ. ಇಳಿ ಕೆಳಗೆ," ಎಂದು ಕೂಗಿದರು. ಮೊದಲ ಕೂಗು.

ತಕರಾರು ತಲೆಯಾಡಿಸಿದಳು, ಇಲ್ಲ ಎಂದು.

ಎರಡನೇ ಕೂಗಿಗೂ ಅದೇ. ಮೂರನೆಯದಕ್ಕೆ ಅವಳು ಮೇಲೆ ಹತ್ತಿ ಬಂದಳು. ನೆಲದ ಮೇಲೆ ನಿಂತು, ಮೇಷ್ಟ್ರು ಆ ದಿನ ಮಾಡಿದ್ದ ಹಾಗೆಯೇ ಕಾಲು ಅಪ್ಪಳಿಸಿದಳು. ಒಂದು ಮೆಟ್ಟಿಲು ಇಳಿದು ಒಂದು ಬೆರಳು ಎತ್ತಿದಳು. ಇನ್ನೊಂದು ಇಳಿದು, ಗುಂಡುವನ್ನು ಒತ್ತರಿಸಿ, ಎರಡು ಬೆರಳು. ಮತ್ತೊಂದು ಇಳಿದು ಮೂರು. ಮೊದಲು ನಿಂತಿದ್ದಲ್ಲೇ ಮತ್ತೆ ನಿಂತಳು. ತುಟಿ ಮಾತ್ರ ಬಿಗಿಯಾಗಿ ಮುಚ್ಚಿತ್ತು.

ಆಗ ಮೇಷ್ಟ್ರು ಎಲ್ಲ ಮೆಟ್ಟಿಲುಗಳನ್ನೂ ನೋಡಿದರು. ತೀರಾ ತಳದಲ್ಲಿ ಮೈನಸ್ ಒಂದು. ನೆಲಕ್ಕೆ ತಾಗಿದ ಹಾಗೆ ಮೈನಸ್ ಎಂಟು. ಇಡೀ ಸಾಲು ತಲೆಕೆಳಗು. ಅವರ ಕುಕ್ಕರ್ ಒಮ್ಮೆಲೇ ಇಳಿಯಿತು. ತಾವು ಬಣ್ಣ ಓದಿದ್ದರು, ಹುಡುಗಿ ಲೆಕ್ಕ ಮಾಡಿದ್ದಳು.

ಅವರು ಜೇಬಿಗೆ ಕೈ ಹಾಕಿ, ಇಲ್ಲದ ಕೀಲಿಯನ್ನು ತೆಗೆದು ಅವಳ ಕಡೆ ಚಾಚಿದರು.

"ತೆಗಿ ಬೀಗ. ಸಾಹೇಬ್ರಿಗೆ ಹೇಳು."

"ಮೈನಸ್ ಮೂರು ಅಂದ್ರೆ ನೆಲದಿಂದ ಮೂರು ಮೆಟ್ಟಿಲು ಕೆಳಗೆ ಸರ್," ಎಂದಳು ತಕರಾರು, ಒಂದೇ ಉಸಿರಿಗೆ. "ಬಣ್ಣ ಏನು ಬೇಕಾದ್ರೂ ಹೇಳ್ಲಿ, ಮೆಟ್ಟಿಲು ಎಲ್ಲಿದೆಯೋ ಅಲ್ಲೇ ಇರತ್ತೆ. ಗುಂಡು ಅಲ್ಲಿ ನಿಂತ್ಕೊಂಡು ಗೆದ್ದೆ ಅಂದ್ರೆ ನಾನು ಒಪ್ಪಲ್ಲ."

ಗುಂಡು ತನ್ನ ಕಾರ್ಡು ನೋಡಿದ, ನೆಲ ನೋಡಿದ, ಬಾಯಲ್ಲೇ ಎಣಿಸುತ್ತ ಇಳಿಯತೊಡಗಿದ. ಏಳನೇ ಮೆಟ್ಟಿಲಿಗೆ ಬಂದಾಗ ಕಾಲ ಕೆಳಗೆ ಬಿಳಿ ಬಣ್ಣದ ಎರಡು ಇತ್ತು. ಅವನು ಅದರ ಮೇಲೆ ಚಪ್ಪಲಿ ಇಟ್ಟು ಮುಚ್ಚಿ, ಸೆಟೆದು ನಿಂತ. ಯಾರೂ ಅವನಿಗೆ ಹೇಳಿರಲಿಲ್ಲ. ಮೇಷ್ಟ್ರು ಅವನನ್ನೇ ನೋಡಿದರು. ತಕರಾರು ಸರಿ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ, ಅವಳು ಅವಳೇ. ಆದರೆ ಗುಂಡು ಕೂಡ ಕಲಿತಿದ್ದ.

ಸಾಹೇಬರು ಅಷ್ಟಕ್ಕೇ ಬಿಡುವವರಲ್ಲ. ಎರಡನೇ ಸುತ್ತಿನಲ್ಲಿ ಕೆಳಗೆ ಹೋಗಿದ್ದ ಹುಡುಗನನ್ನು ಕರೆದು ಮೈನಸ್ ಎರಡನ್ನು ತೋರಿಸು ಎಂದರು. ಅವನು ನಾಚಿಕೊಂಡು ಈ ಸಲ ನೆಲದಿಂದ ಎಣಿಸಿದ. ಹಿಂದಿನ ಬೆಂಚಿನ ಇನ್ನೂ ನಾಲ್ವರನ್ನು ಕೇಳಿದರು. ಕೊನೆಗೆ, ಎಂಟು ಐದಕ್ಕಿಂತ ದೊಡ್ಡದು, ಹಾಗಾದರೆ ಮೈನಸ್ ಎಂಟೂ ದೊಡ್ಡದಾಗಬೇಕಲ್ಲ ಎಂದು ಬಲೆ ಒಡ್ಡಿದರು. ಕೆಳಗಿನಿಂದ ಗುಂಡು, ಅದು ಎಷ್ಟು ಆಳಕ್ಕೆ ಇಳಿದಿದ್ದೇವೆ ಅನ್ನುವ ಲೆಕ್ಕ ಸಾರ್, ಮೇಲೆ ಇದ್ದೇವೆ ಅನ್ನುವ ಲೆಕ್ಕ ಅಲ್ಲ ಎಂದ. ಸಾಹೇಬರು ಪೆನ್ನು ತೆಗೆದು ನಿಂತಲ್ಲೇ ಬರೆದರು. ಬರೆದದ್ದನ್ನು ಹೆಡ್‌ಮಿಸ್ ಓದಿ, ಈ ಆಟವನ್ನು ಬೇರೆ ತರಗತಿಗಳಿಗೂ ಆಡಿಸಬೇಕಂತೆ ಎಂದು ಸಣ್ಣ ದನಿಯಲ್ಲಿ ಹೇಳಿದರು. ಭಾಷೆಯ ಮೇಡಂ ಬಾಗಿಲು ಮುಚ್ಚಿಕೊಂಡರು.

ಅಟೆಂಡರನ್ನು ಕರೆಸಿದಾಗ ಅವನು ಹೆದರಲಿಲ್ಲ. ಮೇಲಿನಿಂದ ಬರೆಯುತ್ತ ಇಳಿದರೆ ಹಸಿ ಬಣ್ಣ ತುಳಿಯದೆ ವಾಪಸು ಹತ್ತುವುದು ಹೇಗೆ ಎಂದು ಕೇಳಿದ. ಅದಕ್ಕೇ ತಳದಿಂದ ಒಂದು, ಎರಡು ಎಂದು ಬರೆಯುತ್ತ ಹತ್ತಿದನಂತೆ, ಹೇಳಿದ ಹಾಗೆ ಎಲ್ಲದರ ಮುಂದೆಯೂ ಅಡ್ಡಗೆರೆ ಎಳೆದನಂತೆ. ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಸಂಜೆಯೊಳಗೆ ಅಳಿಸಿ ಸರಿಯಾಗಿ ಬರೆ ಎಂದರು ಹೆಡ್‌ಮಿಸ್.

"ಅಳಿಸು, ಬರೀಬೇಡ," ಎಂದರು ಮೇಷ್ಟ್ರು. "ನೆಲದ ಮೇಲೆ ಸೊನ್ನೆ ಒಂದು ಇರ್ಲಿ. ಮಿಕ್ಕಿದ್ದು ಈ ಮಕ್ಕಳ ಹತ್ರ ಇದೆ."

ಹಾಗೆಂದು ಎದೆಯುಬ್ಬಿಸಿ ತರಗತಿಗೆ ನಡೆದರು. ಬೋರ್ಡಿನ ಮೂಲೆಯಲ್ಲಿ ಎರಡು ಗುಂಪುಗಳ ಪಾಯಿಂಟು ಬರೆದಿತ್ತು. ಬಾಗಿಲಲ್ಲೇ ಅಂಗಿಯ ತುದಿ ಯಾರೋ ಜಗ್ಗಿದರು.

"ಸರ್, ಆ ಸುತ್ತಿನ ಪಾಯಿಂಟು ಚಾಕ್‌ಪೀಸಿಗೆ ಬರೆದಿಲ್ಲ. ನೀವು ಕೂಗ್ತಾ ಮರೆತ್ರಿ."

ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಂಡು ಒಂದು ಗೆರೆ ಎಳೆದರು. ಸ್ವಲ್ಪ ಯೋಚಿಸಿ, ಗುಂಡು ತಾನಾಗಿಯೇ ಇಳಿದದ್ದಕ್ಕೆ ಡಸ್ಟರಿಗೂ ಒಂದು ಎಳೆದರು. ತಕರಾರು ಸೊಂಟದ ಮೇಲೆ ಕೈ ಇಟ್ಟಳು. ಆ ಪೀರಿಯಡ್ ಮುಗಿಯುವವರೆಗೂ ಅದೇ ವಾದ ನಡೆಯಿತು, ಮೇಷ್ಟ್ರು ಒಂದು ಸಲವೂ ಕೂಗಲಿಲ್ಲ.