ತಕ್ಕಡಿ ಸಾಹೇಬರ ಕಾಫಿ

ಲಿಫ್ಟಿನೊಳಗೆ ಚಿಲ್ಲರೆ ವಿಭಾಗದವರು ಯಾರಾದರೂ ಕಾಲಿಟ್ಟರೆ ಸಾಕು, ನಮ್ಮ ತಕ್ಕಡಿ ಸಾಹೇಬರು ಹೊರಗೆ ಬಂದು ಮೆಟ್ಟಿಲು ಹಿಡಿಯುತ್ತಿದ್ದರು. ಬಲಭುಜ ಕೊಂಚ ಏರಿಸಿ, ಬೂದುಬಣ್ಣದ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಬಿಗಿದು, ಎದುರಾದವರಿಗೆಲ್ಲ ಅಳೆದು ತೂಗಿದ ಒಂದೇ ನಗೆಯನ್ನು ಹಂಚುತ್ತ.

ದೇಶವಿಡೀ ತಂತಿ ಹಾಸಿದ್ದ ನಮ್ಮ ದೂರವಾಣಿ ಸಂಸ್ಥೆಯನ್ನು ಆಗಷ್ಟೇ ಎರಡು ಹೋಳು ಮಾಡಿದ್ದರು. ಸಗಟು ವಿಭಾಗ ತಂತಿಮಾರ್ಗಗಳನ್ನು ಎಲ್ಲ ಫೋನ್ ಕಂಪನಿಗಳಿಗೂ ಬಾಡಿಗೆಗೆ ಕೊಡಬೇಕು. ಚಿಲ್ಲರೆ ವಿಭಾಗ ಆ ಕಂಪನಿಗಳ ಸಾಲಿನಲ್ಲೇ ನಿಂತು ಅವನ್ನು ಬಾಡಿಗೆಗೆ ಪಡೆದು ಮನೆಮನೆಗೆ ಫೋನ್ ಸೇವೆ ಮಾರಬೇಕು. ಒಂದೇ ಮನೆಯ ಮಕ್ಕಳು ಒಳಗೊಳಗೇ ಗುಟ್ಟು ಹೇಳಿಕೊಂಡಾರೆಂದು ಪ್ರತಿಸ್ಪರ್ಧಿಗಳು ಬೊಬ್ಬೆ ಹಾಕಿದ್ದರಿಂದ ನಡುವೆ ಗೋಡೆ ಎದ್ದಿತು, ಬಾಗಿಲುಗಳು ಬೇರೆಯಾದವು, ಜೊತೆಗೊಂದು ಕಟ್ಟಪ್ಪಣೆಯೂ ಬಂತು: ನಮ್ಮ ಚಿಲ್ಲರೆಯವರಿಗೆ ಏನು ಹೇಳಿದರೂ ಹೊರಗಿನ ಕಂಪನಿಗಳಿಗೂ ಅದೇ ಹೊತ್ತಿಗೆ ಹೇಳಬೇಕು. ನಾವೆಲ್ಲ ನಿಯಮವನ್ನು ಪಾಲಿಸಿದೆವು. ಸಗಟಿನ ಮುಖ್ಯಸ್ಥರಾದ ಸಾಹೇಬರು ಅದನ್ನು ಮೈಗೂಡಿಸಿಕೊಂಡರು; ತಕ್ಕಡಿ ಎಂಬ ಅಡ್ಡಹೆಸರು ಬಿದ್ದದ್ದೂ ಆಗಲೇ. "ಎಲ್ಲರಿಗೂ ಒಂದೇ" ಎಂಬುದು ಅವರ ಪ್ರತಿ ಮಾತಿನ ಬಾಲ. ಕ್ಯಾಂಟೀನಿನವನು ಸಕ್ಕರೆ ಎಷ್ಟು ಸಾರ್ ಎಂದು ಕೇಳಿದರೂ ಅದೇ ಉತ್ತರ.

ಆ ಗೋಡೆ ಎದ್ದದ್ದು, ಗ್ರಹಚಾರ ನೋಡಿ, ಸರಿಯಾಗಿ ಅವರ ಮೇಜಿಗೂ ಪಕ್ಕದ ಮೇಜಿಗೂ ನಡುವೆ. ಪಕ್ಕದ ಮೇಜಿನ ಮೇಡಂ ಗ್ರಾಹಕರ ದೂರು ಕೇಳುವವರು. ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಕಿತ್ತಳೆ ಸುಲಿದು, ಅರ್ಧವನ್ನು ಸಾಹೇಬರ ಕಡೆ ತಳ್ಳುತ್ತಿದ್ದವರು. ಅವರು ಚಿಲ್ಲರೆಯ ಪಾಲಾದರು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಇಬ್ಬರ ಬಾಯಲ್ಲೂ ಆ ಮಾತು ಬಂದಿರಲೂ ಇಲ್ಲ. ಗೋಡೆಯಾಚೆ ಮೇಡಂ ನಕ್ಕರೆ ಈಚೆ ಸಾಹೇಬರ ಪೆನ್ನು ನಿಲ್ಲುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಮೇಡಂ ಫೋನ್ ಮಾಡಿದರೆ ಸಾಹೇಬರು ಮಾತ್ರ, "ಯಾವ ಕಂಪನಿಯಿಂದ ಮಾತಾಡ್ತಿದೀರಿ?" ಎನ್ನುತ್ತಿದ್ದರು.

"ಗೋಡೆ ಪಕ್ಕದಿಂದ," ಎನ್ನುತ್ತಿದ್ದರಂತೆ ಮೇಡಂ.

ಒಂದು ದಿನ ಮೇಡಂಗೆ ದೂರದ ಊರಿಗೆ ವರ್ಗವಾಯಿತು. ಆ ವಾರವೆಲ್ಲ ಸಾಹೇಬರಿಗೆ ಊಟ ಸೇರಲಿಲ್ಲ. ಕೊನೆಗೆ ಮನಸ್ಸು ಗಟ್ಟಿಮಾಡಿಕೊಂಡು ಎದುರಿನ ಹೋಟೆಲಿಗೆ ಕಾಫಿಗೆ ಕರೆದರು. ಕರೆದವರು, ಅಭ್ಯಾಸಬಲವೋ ಅಂಜಿಕೆಯೋ, ಅದೇ ಹೊತ್ತಿಗೆ ಉಳಿದ ಕಂಪನಿಗಳ ಪ್ರತಿನಿಧಿಗಳನ್ನೂ ಕರೆದುಬಿಟ್ಟರು! ಪುಕ್ಕಟೆ ಕಾಫಿಯನ್ನು ಯಾರು ಬಿಟ್ಟಾರು? ಅಷ್ಟೂ ಜನ ಟೈ ಕಟ್ಟಿಕೊಂಡು ಹಾಜರಾದರು. ಚೀಲದಲ್ಲಿ ಕಿತ್ತಳೆ ಇಟ್ಟುಕೊಂಡು ಬಂದ ಮೇಡಂಗೆ ಸಿಕ್ಕಿದ್ದು ಉದ್ದ ಮೇಜಿನ ತುದಿಯ ಕುರ್ಚಿ. ಬಾಡಿಗೆ ದರದ ಚರ್ಚೆಯಲ್ಲೇ ಕಾಫಿ ಆರಿತು.

ಏಳುವಾಗ ಮೇಡಂ ಮೆಲ್ಲಗೆ ಕೇಳಿದರು: "ನನಗೊಬ್ಬಳಿಗೇ ಹೇಳೋದು ಏನಾದ್ರೂ ಇತ್ತಾ ಸಾರ್?"

ಮೇಜಿನ ಸುತ್ತ ಎಲ್ಲರ ಕಿವಿ ನೆಟ್ಟಗಾದವು. ಸಾಹೇಬರು ಕತ್ತಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿಕೊಂಡರು. "ಹೋಗಿಬನ್ನಿ," ಎಂದರು, ಆಮೇಲೆ ಉಳಿದವರತ್ತ ತಿರುಗಿ, "ನೀವೂ ಹೋಗಿಬನ್ನಿ," ಎಂದರು. ಮೇಡಂ ಅರ್ಧ ಕಿತ್ತಳೆಯನ್ನು ಅವರ ಸಾಸರಿನಲ್ಲಿಟ್ಟು ಹೊರಟುಹೋದರು.

ಆಮೇಲೂ ಸಾಹೇಬರು ಲಿಫ್ಟಿನಿಂದ ಹೊರಬರುತ್ತಲೇ ಇದ್ದರು. ಆದರೆ ಬಾಗಿಲು ಮುಚ್ಚುವವರೆಗೆ ಒಳಗಿನ ಮುಖಗಳನ್ನೆಲ್ಲ ಹುಡುಕಿ ನೋಡುತ್ತ ನಿಲ್ಲುತ್ತಿದ್ದರು. ಲೋಕ ನೆಚ್ಚಿ ನಡೆಯುವುದು ಇಂಥ ನಿಷ್ಪಕ್ಷಪಾತಿಗಳನ್ನೇ, ನಿಜ. ಆದರೆ ಒಲವೆಂದರೆ ಒಬ್ಬರಿಗೆ ಒಂದು ಮಾತು ಮೊದಲು ಹೇಳುವುದು. ಆ ಚಿಕ್ಕ ಅನ್ಯಾಯಕ್ಕೆ ಧೈರ್ಯ ಸಾಲದವರು ಎಲ್ಲರಿಗೂ ನ್ಯಾಯ ಹಂಚಿ ಮುಗಿಸಿ, ಅರ್ಧ ಹಣ್ಣಿನ ಮುಂದೆ ಒಬ್ಬರೇ ಕುಳಿತಿರುತ್ತಾರೆ.