ಥರ್ಮಾಕೋಲ್ ತುಂಬಿದ ಮೀನು

ನಮ್ಮ ಭಾವ ಒಡಿಲೊನ್ ಮೀನಿನ ಬಾಯಿಗೆ ಥರ್ಮಾಕೋಲ್ ತುರುಕುವುದನ್ನು ನೋಡಿದರೆ ನನಗೆ ಹೇಸಿಗೆಯಾಗುತ್ತದೆ. ಅವರು ನನ್ನ ಅಕ್ಕನ ಗಂಡ, ಕುಯಬಾ ನದಿಯಲ್ಲಿ ನನಗೆ ದೋಣಿ ನಡೆಸಲು ಕಲಿಸಿದವರು. ಆದರೆ ಹೇಸಿಗೆಗೆ ನೆಂಟಸ್ತನ ತಿಳಿಯುವುದಿಲ್ಲ.

ಹಕ್ಕಿ ನೋಡಲು ಬಂದವರಿಗೆ ನಾವು ದೋಣಿಯವರೆಲ್ಲ ನದಿಯ ತಿರುವಿನ ಮರದಲ್ಲಿ ಗೂಡು ಕಟ್ಟಿದ, ನಮ್ಮವರು ಚೆಲುವ ಗಿಡುಗ ಎಂದು ಕರೆಯುವ ಹಕ್ಕಿಯನ್ನು ತೋರಿಸುತ್ತೇವೆ. ಸಿಳ್ಳೆ ಹಾಕಿ ಪಿರಾನಾ ಮೀನು ಎಸೆದರೆ ಸಾಕು, ಕೆಂಪು ರೆಕ್ಕೆ ಬಿಚ್ಚಿ ಇಳಿದು ನೀರ ಮೇಲಿಂದಲೇ ಎತ್ತಿಕೊಂಡು ಹೋಗುತ್ತದೆ. ಸತ್ತ ಮೀನು ಮುಳುಗಬಾರದೆಂದು ಅದರ ಬಾಯೊಳಗೆ ಅಂತರಗಂಗೆಯ ಉಬ್ಬಿದ ದಂಟು ಸಿಕ್ಕಿಸುತ್ತೇವೆ. ಅದನ್ನು ಕಲಿಸಿದ್ದೂ ಭಾವನೇ. ಈ ವರ್ಷ ಅವರ ಥರ್ಮಾಕೋಲ್ ಐಸ್ ಪೆಟ್ಟಿಗೆ ಒಡೆಯಿತು. ದಂಟು ಕೀಳಲು ದೋಣಿ ನಿಲ್ಲಿಸಲು ಸೋಮಾರಿತನವಾಗಿ ಆ ಪೆಟ್ಟಿಗೆಯ ಚೂರುಗಳನ್ನೇ ತುರುಕತೊಡಗಿದರು. ಗೂಡಿನಲ್ಲಿದ್ದದ್ದು ಒಂದೇ ಮರಿ. ತಾಯಿ ಆ ಮೀನನ್ನು ಹರಿದು ಮರಿಯ ಬಾಯಿಗೇ ಇಡುತ್ತಿತ್ತು. ಮರಿ ಸಾಯುತ್ತೆ, ಬೇಡ ಭಾವ ಎಂದು ಗೋಗರೆದಿದ್ದೆ. ಆಯ್ತು ಮಾರಾಯ್ತಿ, ಇನ್ಮೇಲೆ ದಂಟೇ ಹಾಕ್ತೀನಿ ಎಂದು ಮಾತು ಕೊಟ್ಟಿದ್ದರು.

ಆ ಬೆಳಿಗ್ಗೆ ಹೊರಡುವ ಮೊದಲು ದೋಣಿಗಟ್ಟೆಯಲ್ಲಿ ತೆರೆರೆ ಕುಡಿಯಲು ಸುತ್ತ ಕೂತಿದ್ದೆವು. ಎಲೆಯ ಪುಡಿಗೆ ತಣ್ಣೀರು ಹೊಯ್ದ ಒಂದೇ ಕೊಂಬು, ಒಂದೇ ಕೊಳವೆ, ಸುತ್ತ ಕೂತವರೆಲ್ಲರ ಬಾಯಿಗೂ ಅದೇ. ತುಂಬಿ ಕೊಡುವವರು ಭಾವ. ನನ್ನ ದೋಣಿಯ ಅತಿಥಿ ಹಿಲ್ಮಾ ಅಮ್ಮ ಪಟ್ಟಣದವರು. ತಮ್ಮ ಸರದಿ ಹೀರಿ, ಕೊಂಬು ಹಿಂತಿರುಗಿಸುತ್ತ, ಮರ್ಯಾದೆಗೆ "ಉಪಕಾರ ಆಯ್ತು" ಅಂದರು. ಆಮೇಲೆ ಕೊಂಬು ಪ್ರತಿ ಸಲವೂ ಅವರನ್ನು ದಾಟಿಯೇ ಹೋಯಿತು. ಪಾಪ, ಮುಖ ಸಪ್ಪಗಾಯಿತು.

"ಉಪಕಾರ ಅಂದ್ರೆ ನಮ್ಮಲ್ಲಿ ಇನ್ನು ಸಾಕು ಅಂತ ಅಮ್ಮ," ಎಂದು ಭಾವ ನಕ್ಕು ನನ್ನತ್ತ ಕೈ ತೋರಿಸಿದರು. "ನಮ್ಮ ಡೆಲ್ಮಿರನ್ನ ನೋಡಿ, ಹೊಟ್ಟೆ ಒಡೆದು ಹೋದ್ರೂ ಆ ಮಾತು ಬಾಯಲ್ಲಿ ಬರಲ್ಲ."

ತಿರುವಿಗೆ ನನ್ನ ದೋಣಿಯೇ ಮೊದಲು ಮುಟ್ಟಿತು. ದಿನಾ ಕಿರುಚಿ ಪ್ರಾಣ ತಿನ್ನುವ ಮರಿಯ ಸದ್ದಿಲ್ಲ. ತಾಯಿ ಕೊಂಬೆಯ ಮೇಲೆ ಸುಮ್ಮನೆ ಕೂತಿತ್ತು. ಮರದ ಬುಡದ ಅಂತರಗಂಗೆಯ ಮೇಲೆ ಮರಿ ಬಿದ್ದಿತ್ತು, ಕಣ್ಣಿಗೆ ಇರುವೆ ಮುತ್ತಿತ್ತು. ಎತ್ತಿಕೊಂಡರೆ ಗಬ್ಬು ನಾತ. ಕೊರಳ ಚೀಲ ಮಾತ್ರ ಗಟ್ಟಿಯಾಗಿ ಉಬ್ಬಿತ್ತು. ಮೀನು ಸೀಳುವ ಚಾಕುವಿನಲ್ಲಿ ಬಿಡಿಸಿದೆ. ಕೊಳೆತ ಲೋಳೆಯ ಜೊತೆ ಬಿಳಿ ಕಾಳುಗಳು ನನ್ನ ಅಂಗೈಗೆ ಸುರಿದವು. ಹಿಲ್ಮಾ ಅಮ್ಮ ಬಾಯಿಗೆ ಸೆರಗಿನಂತೆ ಟೋಪಿ ಒತ್ತಿಕೊಂಡರು.

ಅಷ್ಟರಲ್ಲಿ ಭಾವನ ದೋಣಿ ಪಕ್ಕಕ್ಕೆ ಬಂತು. ಅವರು ನನ್ನ ಕೈ ನೋಡಿದರು, ಆಮೇಲೆ ಹಿಂದೆ ಕ್ಯಾಮೆರಾ ಹಿಡಿದು ಕೂತಿದ್ದ ತಮ್ಮ ಅತಿಥಿಗಳನ್ನು ನೋಡಿದರು.

"ಅದನ್ನ ಆಚೆ ಬಿಸಾಕೇ. ನನ್ನ ಜನ ನೋಡ್ತಾರೆ," ಎಂದು ಪಿಸುಗುಟ್ಟಿದರು.

"ಇದು ನಿಮ್ಮ ಪೆಟ್ಟಿಗೆ ಚೂರು, ಭಾವ."

"ಒಂದು ಮರಿಗೆ ಇಷ್ಟು ರಂಪನಾ? ಮುಂದಿನ ವರ್ಷ ಇನ್ನೊಂದು ಮಾಡುತ್ತೆ ಬಿಡು."

ಅಂದವರೇ ಸಿಳ್ಳೆ ಹಾಕಿ ಒಂದು ಮೀನು ಎಸೆದರು. ಅದರ ಬಾಯಲ್ಲಿ ಬೆಳ್ಳಗೆ ಥರ್ಮಾಕೋಲ್ ಇಣುಕುತ್ತಿತ್ತು. ತಾಯಿ ಇಳಿದು ಎತ್ತಿಕೊಂಡು ಗೂಡಿಗೆ ಹೋಯಿತು. ಹರಿದ ತುಂಡನ್ನು ಕೊಕ್ಕಿನಲ್ಲಿ ಹಿಡಿದು, ಖಾಲಿ ಗೂಡಿನೊಳಗೆ ಬಗ್ಗಿ ಬಗ್ಗಿ ನೋಡಿತು. ಆ ದೋಣಿಯವರು ಚಪ್ಪಾಳೆ ತಟ್ಟಿದರು. ಥೂ ಅನ್ನಿಸಿತು. ಈ ಮನುಷ್ಯನನ್ನು ಇಷ್ಟು ವರ್ಷ ಗುರು ಅಂದುಕೊಂಡಿದ್ದೆನಲ್ಲ ಎಂದು ನನ್ನ ಮೇಲೂ ಅಸಹ್ಯವಾಯಿತು.

ಸಂಜೆ ಗಟ್ಟೆಯಲ್ಲಿ ಮತ್ತೆ ತೆರೆರೆಗೆ ಸುತ್ತ ಕೂತೆವು. ನಿಂಬೆಹಣ್ಣು ಹಾಕಿ ತಿಕ್ಕಿದರೂ ನನ್ನ ಕೈಯ ನಾತ ಹೋಗಿರಲಿಲ್ಲ. ವಾಡಿಕೆಯಂತೆ ಮೊದಲ ಕೊಂಬನ್ನು ಭಾವ ತಾವೇ ಹೀರಿದರು, ಮತ್ತೆ ತುಂಬಿಸಿ ನನ್ನತ್ತ ಚಾಚಿದರು.

"ತಗೋ. ಕೋಪ ತಣ್ಣಗಾಗ್ಲಿ."

ಕೊಳವೆಯ ತುದಿ ಅವರ ಎಂಜಲಿನಿಂದ ಹೊಳೆಯುತ್ತಿತ್ತು. ಇಷ್ಟು ವರ್ಷ ಆ ಎಂಜಲು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಕೊಂಬನ್ನು ಇಸಿದುಕೊಂಡು ಹಾಗೆಯೇ ಅವರ ಕೈಗೆ ವಾಪಸು ಇಟ್ಟೆ.

"ಉಪಕಾರ ಆಯ್ತು, ಭಾವ."

ಹಿಲ್ಮಾ ಅಮ್ಮನಿಗೂ ಈಗ ಆ ಮಾತಿನ ಅರ್ಥ ಗೊತ್ತಿತ್ತು.

"ಇನ್ನೂ ಬಾಯಿಗೇ ಇಟ್ಟಿಲ್ವಲ್ಲೇ," ಅಂದರು ಭಾವ.

ನಾನು ಎದ್ದು ನನ್ನ ದೋಣಿಯ ಕಡೆ ಹೋದೆ.